ಹೋಸ್ಟ್‌ನಲ್ಲಿ ಚೆನ್ನಾಗಿರುವ ಕಾರ್ಡ್ ವಿಎಂ ಒಳಗೆ ಯಾಕೆ ಬೀಳುತ್ತದೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಒಂದು ಆರ್ಮ್ ಸರ್ವರ್ ಇದೆ. ಉಬುಂಟು 22.04, ಕರ್ನಲ್ 5.15, ಮೇಲೆ ವಿಎಂ (ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಯಂತ್ರ) ಓಡಿಸಲು ಕರ್ನಲ್‌ನ ಕೆವಿಎಂ ಮತ್ತು ಅದರ ಜೊತೆಗಾರ ಪ್ರೋಗ್ರಾಂ ಕ್ಯೂಇಎಂಯು. ಒಂದು ಗ್ರಾಫಿಕ್ಸ್ ಕಾರ್ಡನ್ನೂ ಒಂದು ಕನೆಕ್ಟ್‌ಎಕ್ಸ್ ನೆಟ್‌ವರ್ಕ್ ಕಾರ್ಡನ್ನೂ ವಿಎಫ್‌ಐಓ (ಕಾರ್ಡನ್ನು ನೇರವಾಗಿ ವಿಎಂ ಕೈಗೆ ಕೊಡುವ ಲಿನಕ್ಸ್ ಸೌಲಭ್ಯ) ಮೂಲಕ ವಿಎಂಗೆ ಕೊಟ್ಟಿದ್ದೇನೆ. ಹೋಸ್ಟ್‌ನಲ್ಲೇ, ಅಂದರೆ ಅಸಲಿ ಸರ್ವರ್ ಮೇಲೇ, ಓಡಿಸಿದರೆ ಎರಡಕ್ಕೂ ಏನೂ ತೊಂದರೆ ಇಲ್ಲ. ವಿಎಂ ಒಳಗೆ ಗ್ರಾಫಿಕ್ಸ್ ಡ್ರೈವರ್ ಲೋಡ್ ಆದ ಕೂಡಲೇ ಕರ್ನಲ್ ಬೀಳುತ್ತದೆ. ಲಾಗ್‌ನಲ್ಲಿ ಇಎಸ್‌ಆರ್ 96000061 ಅಂತ ಬರುತ್ತದೆ. ನೆಟ್‌ವರ್ಕ್ ಕಾರ್ಡ್ ಬೀಳುವುದಿಲ್ಲ, ಆದರೆ ಸಣ್ಣ ಸಂದೇಶಗಳಿಗೆ ಲೇಟೆನ್ಸಿ (ತಲುಪಲು ಆಗುವ ತಡ) ಹೋಸ್ಟ್‌ಗಿಂತ ಜಾಸ್ತಿ. ಇದೇ ಕಾರ್ಡ್‌ಗಳು ನಮ್ಮ ಹಳೆಯ ಇಂಟೆಲ್ ಸರ್ವರ್‌ನ ವಿಎಂನಲ್ಲಿ ಸರಿಯಾಗಿ ಓಡಿದ್ದವು. ಗೆಳೆಯರೊಬ್ಬರು ಐಓಎಂಎಂಯು ಆಫ್ ಮಾಡು ಅಂದರು. ಇನ್ನೊಬ್ಬರು ಹ್ಯೂಜ್ ಪೇಜ್ ಹಾಕು ಅಂದರು. ಕ್ಯೂಇಎಂಯುನ ಎಕ್ಸ್-ನೋ-ಎಂಮ್ಯಾಪ್ ಆಯ್ಕೆ ಹಾಕಿ ನೋಡಿದೆ, ಆಗಲೂ ಬಿತ್ತು, ಆದರೆ ಸಂಖ್ಯೆ 96000010 ಆಯಿತು. ಮೆಮೊರಿಯ ಗುಣವನ್ನು ಬದಲಿಸುವ ಸೆಟ್ಟಿಂಗ್ ಎಲ್ಲಿದೆ? ಕರ್ನಲ್‌ಗೆ ಪ್ಯಾಚ್ ಹಾಕುವುದು ಅಪಾಯವೇ? ಕಾರ್ಡ್‌ನ ಮೆಮೊರಿಯನ್ನು ಕ್ಯಾಶ್ ಆಗುವಂತೆ ಮಾಡಿದರೆ ಇನ್ನೂ ವೇಗ ಸಿಗುತ್ತದೆ ಅಂತ ಓದಿದೆ, ಅದು ನಿಜವೇ?

ಉತ್ತರ: ಒಂದು ಕಾರ್ಡ್ ಬೀಳುತ್ತಿದೆ, ಇನ್ನೊಂದು ನಿಧಾನ. ಎರಡು ಬೇರೆ ಬೇರೆ ಕಾಯಿಲೆ ಅಂತ ನಿಮಗೆ ಅನಿಸಿರಬಹುದು. ನೀವು ಕೊಟ್ಟ ವಿವರ ನೋಡಿದರೆ ಎರಡರ ಬೇರೂ ಒಂದೇ. ನಿಮ್ಮ ವಿಎಂ ಒಳಗಿನ ಡ್ರೈವರ್ ಕಾರ್ಡ್‌ನ ಮೆಮೊರಿಯನ್ನು ಒಂದು ಬಗೆಯಲ್ಲಿ ಕೇಳುತ್ತಿದೆ. ಹೋಸ್ಟ್‌ನ ಕೆವಿಎಂ ಅದನ್ನು ಇನ್ನೊಂದು ಬಗೆಯಲ್ಲಿ ಕೊಡುತ್ತಿದೆ. ಕೊಡುವಾಗ ಗೆಸ್ಟ್‌ಗೆ, ಅಂದರೆ ವಿಎಂ ಒಳಗಿನ ಲಿನಕ್ಸ್‌ಗೆ, ಒಂದು ಮಾತೂ ಹೇಳುವುದಿಲ್ಲ, ಅದೇ ತಲೆನೋವು.

ಮೊದಲು ಆ ಸಂಖ್ಯೆಯನ್ನು ಬಿಡಿಸಿ ನೋಡೋಣ. ಇಎಸ್‌ಆರ್ ಅನ್ನುವುದು ಪ್ರೊಸೆಸರ್ ತಾನು ಯಾಕೆ ನಿಂತೆ ಅಂತ ಬರೆದಿಡುವ ರಿಜಿಸ್ಟರ್. 96000061 ಒಂದು ಹೆಕ್ಸ್ ಸಂಖ್ಯೆ. ಮುಂದಿನ 96 ಹೇಳುವುದು ಇಷ್ಟೇ: ಕರ್ನಲ್ ತಾನೇ ಯಾವುದೋ ವಿಳಾಸ ಮುಟ್ಟಲು ಹೋಗಿ ಡೇಟಾ ಅಬಾರ್ಟ್ ಆಗಿದೆ. ಕೊನೆಯ 61ರಲ್ಲಿ ಎರಡು ವಿಷಯ ಸೇರಿವೆ. 40 ಅಂದರೆ ಓದುತ್ತಿರಲಿಲ್ಲ, ಬರೆಯುತ್ತಿತ್ತು. 21 ಅಂದರೆ ಅಲೈನ್‌ಮೆಂಟ್ ಫಾಲ್ಟ್. ಅಂದರೆ ಬರೆಯಲು ಹೋದ ವಿಳಾಸ, ಬರೆಯುವ ಅಳತೆಗೆ ಸರಿಯಾಗಿ ಕೂರಲಿಲ್ಲ. 8 ಬೈಟ್ ಬರೆಯುವಾಗ ವಿಳಾಸ 8ರಿಂದ ಭಾಗವಾಗಬೇಕಿತ್ತು, ಆಗಲಿಲ್ಲ.

ಈಗ ಒಂದು ಪ್ರಶ್ನೆ ಬರಬೇಕು ನಿಮಗೆ. ಆರ್ಮ್ 64 ಬಿಟ್ ಪ್ರೊಸೆಸರ್‌ನಲ್ಲಿ ಸಾಮಾನ್ಯ ಮೆಮೊರಿಗೆ ಹೀಗೆ ಓರೆಯಾಗಿ ಬರೆದರೂ ನಡೆಯುತ್ತದಲ್ವಾ? ನಡೆಯುತ್ತದೆ. ನಡೆಯದಿರುವುದು ಒಂದೇ ಜಾಗದಲ್ಲಿ: 'ಡಿವೈಸ್' ಅಂತ ಗುರುತಾದ ಮೆಮೊರಿಯಲ್ಲಿ. ಹಾಗಾಗಿ ಲಾಗ್‌ನ ಆ ಒಂದು ಸಾಲೇ ಮುಕ್ಕಾಲು ಕಥೆ ಹೇಳಿಬಿಟ್ಟಿದೆ. ಡ್ರೈವರ್ 'ನಾರ್ಮಲ್' ಮೆಮೊರಿ ಅಂದುಕೊಂಡು, ಬಹುಶಃ ಮೆಮ್‌ಸೆಟ್ (ಮೆಮೊರಿ ತುಂಬಿಸುವ ಫಂಕ್ಷನ್) ತರಹದ್ದರಿಂದ, ಬರೆದಿದೆ. ಪ್ರೊಸೆಸರ್‌ಗೆ ಅದು ಡಿವೈಸ್ ಆಗಿ ಕಂಡಿದೆ.

ಈ ಎರಡು ಬಗೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಆರ್ಮ್‌ನಲ್ಲಿ ಡಿವೈಸ್ ಮೆಮೊರಿಗೆ ಮೂರು ಅಕ್ಷರದ ಗುಣಗಳಿವೆ. ಜಿ ಅಂದರೆ ಗ್ಯಾದರಿಂಗ್, ಹಲವು ಸಣ್ಣ ಬರಹಗಳನ್ನು ಸೇರಿಸಿ ಒಂದೇ ಸಲ ಕಳಿಸುವುದು. ಆರ್ ಅಂದರೆ ರೀಆರ್ಡರಿಂಗ್, ಹಿಂದುಮುಂದು ಮಾಡುವುದು. ಇ ಅಂದರೆ ಬರಹ ಕೊನೆಯವರೆಗೆ ತಲುಪುವ ಮೊದಲೇ 'ಆಯ್ತು' ಅನ್ನುವುದು. ಅಕ್ಷರದ ಹಿಂದೆ ಚಿಕ್ಕ ಎನ್ ಇದ್ದರೆ ಆ ಗುಣ ಇಲ್ಲ ಅಂತ. ಕೆವಿಎಂ ನಿಮ್ಮ ಕಾರ್ಡ್‌ಗೆ ಹಾಕಿದ್ದು ಎನ್‌ಜಿ-ಎನ್‌ಆರ್-ಇ. ಸೇರಿಸುವ ಹಾಗಿಲ್ಲ, ಹಿಂದುಮುಂದು ಮಾಡುವ ಹಾಗಿಲ್ಲ. ಕಂಟ್ರೋಲ್ ರಿಜಿಸ್ಟರ್‌ಗಳಿಗೆ ಇದೇ ಸರಿ. ಒಂದು ರಿಜಿಸ್ಟರ್‌ಗೆ ಎರಡು ಸಲ ಬರೆದರೆ ಎರಡು ಸಲವೂ ಕಾರ್ಡ್‌ಗೆ ಹೋಗಬೇಕು.

ಆದರೆ ಗ್ರಾಫಿಕ್ಸ್ ಕಾರ್ಡ್‌ನ ದೊಡ್ಡ ಬಾರ್ (ಕಾರ್ಡ್ ಪ್ರೊಸೆಸರ್‌ಗೆ ತೆರೆದಿಡುವ ವಿಳಾಸಗಳ ಭಾಗ) ಅಂಥ ರಿಜಿಸ್ಟರ್ ಅಲ್ಲ. ಅದು ಕಾರ್ಡ್‌ನ ಸ್ವಂತ ಮೆಮೊರಿಗೆ ತೆರೆದ ಕಿಟಕಿ. ಅದಕ್ಕೆ ಡ್ರೈವರ್ ಕೇಳುವುದು ರೈಟ್ ಕಂಬೈನಿಂಗ್. ಆರ್ಮ್‌ನಲ್ಲಿ ಅದು 'ನಾರ್ಮಲ್ ನಾನ್-ಕ್ಯಾಶೆಬಲ್' ಆಗಿ ಬರುತ್ತದೆ: ಕ್ಯಾಶ್‌ನಲ್ಲಿ ಇಡುವುದಿಲ್ಲ, ಆದರೆ ಬರಹಗಳನ್ನು ಸೇರಿಸಬಹುದು, ಓರೆ ವಿಳಾಸಕ್ಕೂ ಬರೆಯಬಹುದು. ಷೇರ್ ಆಟೋದವರು ಸೀಟು ತುಂಬಿದ ಮೇಲೆ ಹೊರಡುವ ಹಾಗೆ, 8 ಬೈಟ್‌ನ 8 ಬರಹ ಸೇರಿ 64 ಬೈಟ್‌ನ ಒಂದು ಪಿಸಿಐಇ (ಕಾರ್ಡನ್ನೂ ಪ್ರೊಸೆಸರನ್ನೂ ಜೋಡಿಸುವ ದಾರಿ) ಪ್ಯಾಕೆಟ್ ಆಗಿ ಹೊರಡಬಹುದು. ಡಿವೈಸ್ ಬಗೆಯಲ್ಲಿ ಒಂದೊಂದಕ್ಕೂ ಒಂದೊಂದು ಪ್ಯಾಕೆಟ್.

ಈಗ ಮುಖ್ಯ ವಿಷಯ. ವಿಎಂ ಒಳಗೆ ವಿಳಾಸ ಎರಡು ಹಂತದಲ್ಲಿ ಬದಲಾಗುತ್ತದೆ. ಮೊದಲ ಹಂತ ಗೆಸ್ಟ್ ಕರ್ನಲ್‌ನ ಕೈಯಲ್ಲಿದೆ. ಎರಡನೇ ಹಂತ ಹೋಸ್ಟ್‌ನ ಕೆವಿಎಂ ಕೈಯಲ್ಲಿದೆ. ಪ್ರತಿ ಹಂತಕ್ಕೂ ಒಂದು ಟೇಬಲ್ ಇದೆ, ಎರಡರಲ್ಲೂ ಮೆಮೊರಿ ಬಗೆ ಬರೆದಿರುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ? ಆರ್ಮ್ ನಿಯಮ ಸರಳ: ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಡಿವೈಸ್ ಇದ್ದರೆ ಫಲಿತಾಂಶ ಡಿವೈಸ್. ಗೆಸ್ಟ್ ಡ್ರೈವರ್ ರೈಟ್ ಕಂಬೈನಿಂಗ್ ಕೇಳಿತು, ಅದರ ಟೇಬಲ್‌ನಲ್ಲಿ ಅದೇ ಬರೆದಿದೆ, ಗೆಸ್ಟ್ ಒಳಗೆ ಎಲ್ಲಿ ನೋಡಿದರೂ ಎಲ್ಲಾ ಸರಿ ಇದೆ ಅಂತಲೇ ಕಾಣುತ್ತದೆ. ಆದರೆ 5.15ರ ಕೆವಿಎಂ ಎರಡನೇ ಹಂತದಲ್ಲಿ ರ‍್ಯಾಮ್ ಅಲ್ಲದ ಎಲ್ಲದಕ್ಕೂ ಕಣ್ಣು ಮುಚ್ಚಿ ಡಿವೈಸ್ ಅಂತಲೇ ಬರೆಯುತ್ತದೆ. ಹೋಸ್ಟ್‌ನಲ್ಲಿ ನೇರವಾಗಿ ಓಡಿಸಿದಾಗ ಎರಡನೇ ಹಂತವೇ ಇಲ್ಲ. ಅದಕ್ಕೇ ಅಲ್ಲಿ ಓಡುತ್ತದೆ.

ಇಂಟೆಲ್ ಸರ್ವರ್‌ನಲ್ಲಿ ಯಾಕೆ ಓಡಿತು? ಅಲ್ಲಿಯ ಡ್ರೈವರ್ ಒಳ್ಳೆಯದು, ಇಲ್ಲಿಯದು ಕೆಟ್ಟದ್ದು ಅಂತಲ್ಲ. ಇಂಟೆಲ್‌ನ ಎರಡನೇ ಹಂತದ ಟೇಬಲ್‌ಗೆ ಇಪಿಟಿ ಅನ್ನುತ್ತಾರೆ. ಅಲ್ಲಿಯೂ ಕೆವಿಎಂ ಸಾಧನದ ಮೆಮೊರಿಗೆ ಕ್ಯಾಶ್ ಬೇಡ ಅಂತಲೇ ಬರೆಯುತ್ತದೆ. ಆದರೆ ಗೆಸ್ಟ್‌ನ ಪ್ಯಾಟ್ (ಇಂಟೆಲ್ ಕುಟುಂಬದ, ಅಂದರೆ ಎಕ್ಸ್86 ಪ್ರೊಸೆಸರ್‌ನಲ್ಲಿ ಮೆಮೊರಿ ಬಗೆ ಆರಿಸುವ ಟೇಬಲ್) ಆಯ್ಕೆಯನ್ನು ಕಡೆಗಣಿಸು ಅನ್ನುವ ಬಿಟ್ ಅನ್ನು ಹಾಕುವುದಿಲ್ಲ. ಕ್ಯಾಶ್ ಬೇಡ ಅನ್ನುವುದೂ ಗೆಸ್ಟ್‌ನ ರೈಟ್ ಕಂಬೈನಿಂಗೂ ಸೇರಿದರೆ ಎಕ್ಸ್86 ನಿಯಮದಲ್ಲಿ ರೈಟ್ ಕಂಬೈನಿಂಗೇ ಉಳಿಯುತ್ತದೆ. ಮೇಲಾಗಿ ಎಕ್ಸ್86ನಲ್ಲಿ ಅಂಥ ಮೆಮೊರಿಗೆ ಓರೆಯಾಗಿ ಬರೆದರೂ ಪ್ರೊಸೆಸರ್ ತಕರಾರು ಮಾಡುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಎಕ್ಸ್86 ಮೇಲೆ ಪಳಗಿದ ಡ್ರೈವರ್‌ಗಳು ಈ ವ್ಯತ್ಯಾಸವನ್ನು ನೋಡಿಯೇ ಇರಲಿಲ್ಲ.

ಇನ್ನು ನಿಮ್ಮ ಗೆಳೆಯರ ಸಲಹೆಗಳು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಎರಡೂ ಇಲ್ಲಿಗೆ ಹೊಂದುವುದಿಲ್ಲ.

ಐಓಎಂಎಂಯು ಕಾಯುವುದು ಇನ್ನೊಂದು ದಿಕ್ಕಿನ ದಾರಿಯನ್ನು: ಕಾರ್ಡ್ ತಾನಾಗಿ ರ‍್ಯಾಮ್ ಮುಟ್ಟುವ ದಾರಿ. ನಿಮ್ಮ ತೊಂದರೆ ಪ್ರೊಸೆಸರ್ ಕಾರ್ಡನ್ನು ಮುಟ್ಟುವ ದಾರಿಯಲ್ಲಿದೆ. ಅಲ್ಲಿ ಐಓಎಂಎಂಯುಗೆ ಕೆಲಸವೇ ಇಲ್ಲ. ಅದನ್ನು ಆಫ್ ಮಾಡಿದರೆ ಏನೂ ಸರಿಹೋಗುವುದಿಲ್ಲ. ಬದಲಿಗೆ ವಿಎಫ್‌ಐಓ ಕಾರ್ಡನ್ನು ವಿಎಂಗೆ ಕೊಡಲು ಒಪ್ಪುವುದೇ ಇಲ್ಲ. ಬಲವಂತವಾಗಿ ಕೊಟ್ಟರೂ ಕಾರ್ಡ್ ಹೋಸ್ಟ್‌ನ ಯಾವ ಮೆಮೊರಿಯನ್ನಾದರೂ ಓದಬಹುದು, ಬರೆಯಬಹುದು. ವಿದ್ಯಾರ್ಥಿಗಳು ಬಳಸುವ ಸರ್ವರ್‌ನಲ್ಲಂತೂ ದಯವಿಟ್ಟು ಮಾಡಬೇಡಿ. ಇನ್ನು ಐಓಎಂಎಂಯುವನ್ನು ಪಾಸ್‌ಥ್ರೂ ಮೋಡ್‌ಗೆ ಹಾಕುವ ಬೂಟ್ ಆಯ್ಕೆ ಇದೆಯಲ್ಲ, ಹೆಸರು ಕೇಳಿ ಹಲವರು ಮೋಸ ಹೋಗುತ್ತಾರೆ. ಅದು ಹೋಸ್ಟ್ ತಾನೇ ಬಳಸುವ ಸಾಧನಗಳಿಗೆ ಮಾತ್ರ. ವಿಎಫ್‌ಐಓಗೆ ಕಟ್ಟಿದ ಕಾರ್ಡ್‌ಗೆ ಹೇಗೂ ಅದರದೇ ಬೇರೆ ಟೇಬಲ್ ಸಿಗುತ್ತದೆ.

ಹ್ಯೂಜ್ ಪೇಜ್ ಅಂದರೆ ಮೆಮೊರಿಯನ್ನು ದೊಡ್ಡ ಪುಟಗಳಾಗಿ ಕೊಡುವುದು, ಅದು ಗೆಸ್ಟ್‌ನ ರ‍್ಯಾಮ್‌ಗೆ ಸಂಬಂಧಿಸಿದ್ದು. ಒಳ್ಳೆಯದೇ, ಇರಲಿ. ಬಾರ್‌ನ ಬಗೆಯನ್ನು ಅದು ಬದಲಿಸುವುದಿಲ್ಲ.

ನೀವೇ ಮಾಡಿ ನೋಡಿದ ಎಕ್ಸ್-ನೋ-ಎಂಮ್ಯಾಪ್ ಪ್ರಯೋಗ ಮಾತ್ರ ಕುತೂಹಲದ್ದು. ಆ ಆಯ್ಕೆ ಹಾಕಿದರೆ ಬಾರ್ ಅನ್ನು ಗೆಸ್ಟ್‌ಗೆ ನೇರವಾಗಿ ಕೊಡುವುದಿಲ್ಲ. ಗೆಸ್ಟ್ ಮುಟ್ಟಿದಾಗಲೆಲ್ಲ ಕೆವಿಎಂ ಹಿಡಿದು ಕ್ಯೂಇಎಂಯುಗೆ ಒಪ್ಪಿಸುತ್ತದೆ. ಹಾಗೆ ಹಿಡಿದಾಗ ಯಾವ ರಿಜಿಸ್ಟರ್, ಎಷ್ಟು ಬೈಟ್ ಅಂತ ಪ್ರೊಸೆಸರ್ ಹೇಳುವುದು ಸರಳ ಲೋಡ್, ಸ್ಟೋರ್‌ಗಳಿಗೆ ಮಾತ್ರ. ಎರಡು ರಿಜಿಸ್ಟರ್ ಒಟ್ಟಿಗೆ ಬರೆಯುವ ಎಸ್‌ಟಿಪಿ ತರಹದ ಸೂಚನೆಗೆ ಆ ವಿವರ ಸಿಗುವುದೇ ಇಲ್ಲ. ಮೆಮ್‌ಕಾಪಿ (ಮೆಮೊರಿ ನಕಲು ಮಾಡುವ ಫಂಕ್ಷನ್), ಮೆಮ್‌ಸೆಟ್ ತುಂಬಾ ಅಂಥವೇ ಇರುತ್ತವೆ. ಏನು ಮಾಡಬೇಕೆಂದು ತಿಳಿಯದೆ ಕ್ಯೂಇಎಂಯು ಗೆಸ್ಟ್‌ಗೆ ಎಕ್ಸ್‌ಟರ್ನಲ್ ಅಬಾರ್ಟ್ ಕೊಡುತ್ತದೆ. ಅದರ ಕೋಡ್ 10. ನಿಮ್ಮ ಲಾಗ್‌ನಲ್ಲಿ 96000010 ಬಂದದ್ದು ಹೀಗೆ. ಇದನ್ನು ನೆನಪಿಡಿ, ಮುಂದೆಯೂ ಉಪಯೋಗಕ್ಕೆ ಬರುತ್ತದೆ: ಕೊನೆಯಲ್ಲಿ 21 ಅಥವಾ 61 ಇದ್ದರೆ ಮೆಮೊರಿ ಬಗೆಯ ಮೇಲೆ ಸಂಶಯ ಪಡಿ. 10 ಅಥವಾ 50 ಇದ್ದರೆ ಆ ಪುಟ ನೇರವಾಗಿ ಮ್ಯಾಪ್ ಆಗಿದೆಯೇ, ಕಾರ್ಡ್ ಎಚ್ಚರವಾಗಿದೆಯೇ ಅಂತ ನೋಡಿ. ಎಂಎಸ್‌ಐ-ಎಕ್ಸ್ (ಕಾರ್ಡ್‌ನ ಇಂಟರಪ್ಟ್) ಟೇಬಲ್ ಇರುವ ಪುಟವನ್ನು ಕ್ಯೂಇಎಂಯು ಸಾಮಾನ್ಯವಾಗಿ ಹಿಡಿದೇ ಇಟ್ಟುಕೊಳ್ಳುತ್ತದೆ. ಹೋಸ್ಟ್ ಕರ್ನಲ್ 64 ಕೆಬಿ ಪುಟದ್ದಾದರೆ ಅದರ ಜೊತೆ ಅಕ್ಕಪಕ್ಕದ ರಿಜಿಸ್ಟರ್‌ಗಳೂ ಸಿಕ್ಕಿಕೊಳ್ಳಬಹುದು.

ಹಾಗಾದರೆ ಸೆಟ್ಟಿಂಗ್ ಎಲ್ಲಿದೆ? ಇಲ್ಲ. ಕ್ಯೂಇಎಂಯುನಲ್ಲಿ ಇಲ್ಲ, ವಿಎಂ ನಿರ್ವಹಿಸುವ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್‌ನಲ್ಲೂ ಇಲ್ಲ. ಇದು ಹೋಸ್ಟ್ ಕರ್ನಲ್‌ನ ನಿರ್ಧಾರ. ಸಮಾಧಾನದ ಮಾತು ಅಂದರೆ, ಆ ನಿರ್ಧಾರವೇ 2024ರಲ್ಲಿ ಬದಲಾಗಿದೆ.

ಲಿನಕ್ಸ್ 6.9ರಿಂದ ವಿಎಫ್‌ಐಓ-ಪಿಸಿಐ ಡ್ರೈವರ್ ತಾನು ಮ್ಯಾಪ್ ಮಾಡುವ ಬಾರ್ ಮೇಲೆ ಒಂದು ಗುರುತು ಹಾಕುತ್ತದೆ. ಕ್ಯಾಶ್ ಆಗದ ಯಾವ ಬಗೆಯನ್ನಾದರೂ ಗೆಸ್ಟ್ ಆರಿಸಿಕೊಳ್ಳಲಿ ಅನ್ನುವುದು ಅದರ ಅರ್ಥ. ಆ ಗುರುತು ಕಂಡರೆ ಆರ್ಮ್ ಕೆವಿಎಂ ಎರಡನೇ ಹಂತದಲ್ಲಿ ಡಿವೈಸ್ ಬದಲು ನಾರ್ಮಲ್ ನಾನ್-ಕ್ಯಾಶೆಬಲ್ ಅಂತ ಬರೆಯುತ್ತದೆ. ಬಿಗಿಯಾದದ್ದೇ ಗೆಲ್ಲುವ ನಿಯಮ ಈಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಗೆಸ್ಟ್ ರಿಜಿಸ್ಟರ್‌ಗಳಿಗೆ ಡಿವೈಸ್ ಕೇಳಿದರೆ ಡಿವೈಸೇ ಸಿಗುತ್ತದೆ. ದೊಡ್ಡ ಬಾರ್‌ಗೆ ರೈಟ್ ಕಂಬೈನಿಂಗ್ ಕೇಳಿದರೆ ಅದು ಸಿಗುತ್ತದೆ. ಕ್ಯಾಶ್ ಕೇಳಿದರೆ ಮಾತ್ರ ಸಿಗುವುದಿಲ್ಲ. ಆರ್ಮ್ 8.4ರಲ್ಲಿ ಬಂದ ಎಸ್2ಎಫ್‌ಡಬ್ಲ್ಯುಬಿ (ಮೆಮೊರಿ ಬಗೆಯನ್ನು ಎರಡನೇ ಹಂತವೇ ತೀರ್ಮಾನಿಸಲು ಬಿಡುವ) ಸೌಲಭ್ಯ ಪ್ರೊಸೆಸರ್‌ನಲ್ಲಿ ಇಲ್ಲದಿದ್ದರೂ ಇಷ್ಟು ಕೆಲಸ ಆಗುತ್ತದೆ.

ಇಷ್ಟು ಸರಳ ಇದ್ದರೆ ಮೊದಲೇ ಯಾಕೆ ಮಾಡಲಿಲ್ಲ ಅಂತ ನೀವು ಕೇಳಬಹುದು. ಭಯಕ್ಕೆ ಕಾರಣ ಇತ್ತು. ನಾರ್ಮಲ್ ಮೆಮೊರಿ ಅಂದಮೇಲೆ ಪ್ರೊಸೆಸರ್ ಯಾರೂ ಕೇಳದೆಯೇ ಮುಂದಾಗಿ ಓದಬಹುದು. ಓದಿದರೇ ಏನಾದರೂ ಬದಲಾಗುವ ರಿಜಿಸ್ಟರ್ ಅಲ್ಲಿದ್ದರೆ ಎಡವಟ್ಟು. ಅದಕ್ಕಿಂತ ದೊಡ್ಡ ಹೆದರಿಕೆ, ಹಾರ್ಡ್‌ವೇರ್ ಉತ್ತರ ಕೊಡದೆ ಹೋದರೆ ಬರುವ ಎಸ್‌ಎರರ್ ಅನ್ನುವ ದೋಷ. ಅದು ಯಾವ ಸೂಚನೆಯಿಂದ ಬಂತು ಅಂತ ಹೇಳಲು ಆಗುವುದಿಲ್ಲ, ತಡವಾಗಿ ಬಂದು ಹೋಸ್ಟನ್ನೇ ಬೀಳಿಸಬಹುದು. ಒಂದು ವಿಎಂ ಇಡೀ ಸರ್ವರನ್ನು ಮಲಗಿಸಿದರೆ ಪ್ರತ್ಯೇಕ ವಿಎಂ ಇಟ್ಟು ಏನು ಪ್ರಯೋಜನ? ಆದರೆ ಡಿವೈಸ್ ಅಂತ ಬರೆದರೂ ಅಂಥ ದೋಷ ಬರುವುದಿಲ್ಲ ಅನ್ನುವ ಖಾತ್ರಿ ಆರ್ಮ್ ಕೊಟ್ಟಿಲ್ಲ. ಹಳೆಯ ಬಿಗಿ ಕೊಡುತ್ತಿದ್ದದ್ದು ಅರ್ಧಂಬರ್ಧ ರಕ್ಷಣೆ. ಪಿಸಿಐ ಸಾಧನಗಳಲ್ಲಿ ಇಂಥ ಬಳಕೆ ಎಲ್ಲ ಕಡೆ ರೂಢಿಯಲ್ಲಿರುವುದರಿಂದ ಸಡಿಲಿಕೆಯನ್ನು ವಿಎಫ್‌ಐಓ-ಪಿಸಿಐಗೆ ಮಾತ್ರ ಕೊಟ್ಟರು. ಪಿಸಿಐ ಅಲ್ಲದ ಪ್ಲಾಟ್‌ಫಾರ್ಮ್ ಸಾಧನಗಳಿಗೆ ಕೊಡಲಿಲ್ಲ. ನನಗೆ ಇದು ಸರಿಯಾದ ಗೆರೆ ಅನಿಸುತ್ತದೆ. ಅಂದಹಾಗೆ, ಗೆಸ್ಟ್ ತಾನೇ ಕಾರ್ಡ್‌ನ ಮೆಮೊರಿ ಬಾಗಿಲು ಮುಚ್ಚಿ, ಆಮೇಲೆ ಅದನ್ನೇ ಮುಟ್ಟಿ ಹೋಸ್ಟ್‌ಗೆ ತೊಂದರೆ ಕೊಡಬಹುದಾಗಿತ್ತು. ಅದನ್ನು 2020ರಲ್ಲೇ ಬೇರೆ ತಿದ್ದುಪಡಿಯಲ್ಲಿ ಮುಚ್ಚಿದ್ದಾರೆ. ಅದಕ್ಕೆ ಸಿವಿಇ (ಭದ್ರತಾ ದೋಷಗಳ ಪಟ್ಟಿ) ಸಂಖ್ಯೆಯೂ ಇದೆ: 2020-12888.

ಪ್ಯಾಚ್, ಅಪ್‌ಗ್ರೇಡ್ ಅನ್ನುವ ಮೊದಲು ರೋಗ ಇದೇ ಅಂತ ಖಾತ್ರಿ ಮಾಡಿಕೊಳ್ಳಿ. ಒಂದು ಚಿಕ್ಕ ಪರೀಕ್ಷೆ ಇದೆ. ಗೆಸ್ಟ್ ಒಳಗೆ ಎಲ್‌ಎಸ್‌ಪಿಸಿಐ ಕಮಾಂಡನ್ನು ಎರಡು ವಿ ಜೊತೆ (-vv) ಓಡಿಸಿ, ಕಾರ್ಡ್‌ನ ಯಾವ ರೀಜನ್ (ಬಾರ್) ಪಕ್ಕ 'ಪ್ರಿಫೆಚೆಬಲ್' ಅಂತ ಇದೆ ನೋಡಿ. ಆ ಮೆಮೊರಿಯನ್ನು ಓದಿದರೆ ಏನೂ ಬದಲಾಗುವುದಿಲ್ಲ ಅಂತ ಕಾರ್ಡ್ ತಾನೇ ಹೇಳುವ ಗುರುತು ಅದು. ಅಂಥ ರೀಜನ್‌ಗೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸಾಧನಗಳನ್ನು ಫೈಲ್‌ಗಳಂತೆ ತೋರಿಸುವ ಜಾಗ) ಕಾರ್ಡ್‌ನ ಫೋಲ್ಡರ್ ಒಳಗೆ ಎರಡು ಫೈಲ್ ಇರುತ್ತವೆ: ರಿಸೋರ್ಸ್ ಜೊತೆ ರೀಜನ್ ಸಂಖ್ಯೆ ಇರುವ ಒಂದು, ಅದೇ ಹೆಸರಿನ ಕೊನೆಗೆ ಡಬ್ಲ್ಯುಸಿ ಅಂತ ಸೇರಿದ ಇನ್ನೊಂದು. ಮೊದಲನೆಯದನ್ನು ಎಂಮ್ಯಾಪ್ ಮಾಡಿದರೆ, ಅಂದರೆ ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸಿದರೆ, ಡಿವೈಸ್ ಬಗೆ ಸಿಗುತ್ತದೆ. ಡಬ್ಲ್ಯುಸಿ ಇರುವುದನ್ನು ಮಾಡಿದರೆ ನಾರ್ಮಲ್ ನಾನ್-ಕ್ಯಾಶೆಬಲ್ ಸಿಗಬೇಕು.

ಡ್ರೈವರನ್ನು ಕಾರ್ಡ್‌ನಿಂದ ಬಿಡಿಸಿ. ಅದೇ ಫೋಲ್ಡರ್‌ನ ಎನೇಬಲ್ ಫೈಲ್‌ಗೆ 1 ಬರೆಯಿರಿ. ಆಮೇಲೆ ಹತ್ತು ಸಾಲಿನ ಸಿ ಪ್ರೋಗ್ರಾಂನಲ್ಲಿ ಡಬ್ಲ್ಯುಸಿ ಫೈಲನ್ನು ಎಂಮ್ಯಾಪ್ ಮಾಡಿ, ಶುರುವಿನಿಂದ ಒಂದು ಬೈಟ್ ಮುಂದೆ ಹೋಗಿ 8 ಬೈಟ್ ಒಟ್ಟಿಗೆ ಓದಿ. ಬರೆಯಬೇಡಿ, ಓದಿದರೆ ಸಾಕು. ಪ್ರೋಗ್ರಾಂ ಬಸ್ ಎರರ್ ಅಂತ ಸತ್ತರೆ ಎರಡನೇ ಹಂತ ಡಿವೈಸ್ ಆಗಿದೆ. ಏನೋ ಒಂದು ಸಂಖ್ಯೆ ಬಂದರೆ ಹೋಸ್ಟ್ ಬಿಟ್ಟುಕೊಟ್ಟಿದೆ, ತೊಂದರೆ ಬೇರೆ ಕಡೆ ಹುಡುಕಬೇಕು. ಇದೇ ಪ್ರೋಗ್ರಾಂ ಹೋಸ್ಟ್ ಮೇಲೆ ನೇರವಾಗಿ ಓಡಿಸಿದರೆ ಸಾಯಬಾರದು. ರೂಟ್ ಬೇಕು, ಮತ್ತು ಸೆಕ್ಯೂರ್ ಬೂಟ್‌ನಿಂದ ಕರ್ನಲ್ ಲಾಕ್‌ಡೌನ್ ಆಗಿದ್ದರೆ ಎಂಮ್ಯಾಪ್ ಆಗುವುದೇ ಇಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ.

ಈಗ ದಾರಿಗಳು.

ನಾನು ನಿಮ್ಮ ಜಾಗದಲ್ಲಿದ್ದರೆ ಹೋಸ್ಟ್ ಕರ್ನಲ್ ಏರಿಸುತ್ತೇನೆ. ಉಬುಂಟು 24.04ಕ್ಕೆ ಹೋದರೆ ಸಾಕು ಅಂತ ಅಂದುಕೊಳ್ಳಬೇಡಿ, ಅದರ ಜೊತೆ ಮೊದಲು ಬಂದದ್ದು 6.8. ಕೂದಲೆಳೆಯಲ್ಲಿ ತಪ್ಪಿಹೋಯಿತು! ಎಚ್‌ಡಬ್ಲ್ಯುಇ (ಉಬುಂಟು ಆಮೇಲೆ ಕೊಡುವ ಹೊಸ) ಕರ್ನಲ್ ಹಾಕಿಕೊಂಡರೆ 6.11 ಅಥವಾ ಅದಕ್ಕಿಂತ ಹೊಸದು ಸಿಗುತ್ತದೆ. ಡೆಬಿಯನ್ 13ರಲ್ಲಿ 6.12 ಇದೆ. ಕೆಲವು ಕಂಪನಿಗಳು ಹಳೆಯ ನಂಬರಿನ ಕರ್ನಲ್‌ಗೇ ಹೊಸ ತಿದ್ದುಪಡಿ ಸೇರಿಸಿರುತ್ತಾರೆ, ಹಾಗಾಗಿ ಬರೀ ನಂಬರ್ ನೋಡಿ ಹೇಳಲು ಬರುವುದಿಲ್ಲ. ಮೇಲಿನ ಪರೀಕ್ಷೆಯೇ ಸಾಕ್ಷಿ. ಗೆಸ್ಟ್ ಹಳೆಯದಿದ್ದರೂ ಬೀಳುವುದು ನಿಲ್ಲುತ್ತದೆ, ಬದಲಾಗಬೇಕಾದದ್ದು ಹೋಸ್ಟ್.

ಆದರೆ ಒಂದು ಎಚ್ಚರಿಕೆ. ಯಾವ ಪ್ರೊಸೆಸರ್ ಅಂತ ನೀವು ಬರೆದಿಲ್ಲ, ಅದು ಮುಖ್ಯ. ಆಂಪಿಯರ್ ಆಲ್ಟ್ರಾ ಆಗಿದ್ದರೆ ಸ್ವಲ್ಪ ನಿಲ್ಲಿ. ಅದರ ಪಿಸಿಐಇ ರೂಟ್ ಪೋರ್ಟ್ ಬರಹಗಳನ್ನು ಸೇರಿಸಿ ಹೊರಗೆ ಕಳಿಸುವುದರಲ್ಲಿ ದೋಷ ಇದೆ, ದೋಷಪಟ್ಟಿಯ ಸಂಖ್ಯೆ 82288. ಅದಕ್ಕಾಗಿ ಓಡಾಡುವ ಪ್ಯಾಚ್‌ಗಳು ಮಾಡುವುದು ನಾವು ಇಲ್ಲಿಯವರೆಗೆ ಬೇಡ ಅಂದದ್ದನ್ನೇ: ಎಲ್ಲವನ್ನೂ ಡಿವೈಸ್ ಬಗೆಗೆ ತಳ್ಳಿ, ಓರೆ ಬರಹ ಬಂದರೆ ಕರ್ನಲ್‌ನಲ್ಲಿ ಹಿಡಿದು ಚೂರುಚೂರು ಮಾಡಿ ಬರೆಯುವುದು. ಅಂಥ ಯಂತ್ರದಲ್ಲಿ 6.9 ಹಾಕಿದರೆ ಬೀಳುವುದೇನೋ ನಿಂತೀತು. ಆಮೇಲೆ ಕಾರ್ಡ್‌ಗೆ ಹೋದ ಡೇಟಾ ಸರಿಯಾಗಿದೆಯೇ ಅನ್ನುವುದು ಬೇರೆ ಪ್ರಶ್ನೆ. ಬಿದ್ದರೆ ಗೊತ್ತಾಗುತ್ತದೆ, ಸುಮ್ನೆ ತಪ್ಪು ಬರೆದರೆ ಗೊತ್ತಾಗುವುದಿಲ್ಲ. ಹೋಸ್ಟ್‌ನಲ್ಲಿ ಚೆನ್ನಾಗಿ ಓಡುತ್ತಿದೆ ಅಂತ ನೀವು ಹೇಳಿರುವುದು ಒಳ್ಳೆಯ ಲಕ್ಷಣ, ಆದರೆ ಅಷ್ಟನ್ನೇ ನಂಬಬೇಡಿ. ಕಾರ್ಡ್‌ನ ಮೆಮೊರಿಗೆ ಗೊತ್ತಿರುವ ಮಾದರಿ ಬರೆದು, ವಾಪಸ್ ಓದಿ, ಹೋಲಿಸಿ ನೋಡಿ. ರಾತ್ರಿಯಿಡೀ ಓಡಲಿ.

ಎರಡನೆಯದು, 5.15 ಇಟ್ಟುಕೊಂಡೇ ಪ್ಯಾಚ್ ತರುವುದು. ಸಾಲುಗಳ ಲೆಕ್ಕದಲ್ಲಿ ಚಿಕ್ಕದು. ಆದರೆ ಅದು ಕೈ ಹಾಕುವುದು ಎರಡನೇ ಹಂತದ ಟೇಬಲ್ ಬರೆಯುವ ಕೋಡ್‌ಗೆ. 5.15ರಿಂದ 6.9ರೊಳಗೆ ಆ ಭಾಗ ಬದಲಾಗಿದೆ, ಪ್ಯಾಚ್ ಹಾಗೆಯೇ ಕೂರುವುದಿಲ್ಲ. ಅಲ್ಲಿ ತಪ್ಪಾದರೆ ವಿಎಂಗಳ ನಡುವಿನ ಗೋಡೆಯೇ ಬಿರುಕು ಬಿಡುತ್ತದೆ. ಪ್ರತಿ ಭದ್ರತಾ ಅಪ್‌ಡೇಟ್‌ಗೂ ನೀವೇ ಮತ್ತೆ ಕರ್ನಲ್ ಕಟ್ಟಬೇಕು. ಅದಕ್ಕೆಂದೇ ಜನ ಇರುವ ದೊಡ್ಡ ತಂಡಗಳಿಗೆ ಸರಿ. ಒಬ್ಬರೇ ಲ್ಯಾಬ್ ನೋಡಿಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಗೆಸ್ಟ್ ಡ್ರೈವರನ್ನು ತಿದ್ದುವುದನ್ನೂ ಕೆಲವರು ಹೇಳುತ್ತಾರೆ: ಮೆಮ್‌ಕಾಪಿ ಇರುವ ಕಡೆ ಐಓಗೆಂದೇ ಇರುವ, ಅಲೈನ್ ಮಾಡಿ ಬರೆಯುವ ಫಂಕ್ಷನ್ ಹಾಕುವುದು. ಚಿಕ್ಕ ಡ್ರೈವರ್ ಆದರೆ ಆಗುತ್ತದೆ. ಗ್ರಾಫಿಕ್ಸ್‌ನಲ್ಲಿ ಕಾರ್ಡ್‌ನ ಮೆಮೊರಿ ಅಪ್ಲಿಕೇಷನ್‌ಗಳ ಕೈಗೂ ನೇರವಾಗಿ ಹೋಗುತ್ತದೆ. ಅವು ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮೆಮ್‌ಕಾಪಿಯನ್ನೇ ಕರೆಯುತ್ತವೆ. ಎಷ್ಟು ಅಪ್ಲಿಕೇಷನ್ ತಿದ್ದುತ್ತೀರಿ? ಕೈಬಿಡಿ.

ಇನ್ನೊಂದು ದಾರಿಯನ್ನು ಜನ ಯಾಕೋ ಕೇಳುವುದೇ ಇಲ್ಲ. ವಿಎಂ ನಿಜವಾಗಿಯೂ ಬೇಕೇ? ಬಳಸುವವರೆಲ್ಲ ನಿಮ್ಮದೇ ವಿದ್ಯಾರ್ಥಿಗಳು, ಎಲ್ಲರಿಗೂ ಒಂದೇ ಲಿನಕ್ಸ್ ಸಾಕು ಅನ್ನುವುದಾದರೆ ಹೋಸ್ಟ್ ಮೇಲೇ ಕಂಟೇನರ್ ಓಡಿಸಿ, ಕಾರ್ಡನ್ನು ಅದರೊಳಗೆ ಕೊಡಿ. ಎರಡನೇ ಹಂತವೇ ಇರುವುದಿಲ್ಲ. ಹೋಸ್ಟ್ ಕರ್ನಲ್ ಎಲ್ಲರಿಗೂ ಒಂದೇ ಆಗುತ್ತದೆ ಅನ್ನುವುದು ಅದರ ಬೆಲೆ. ಒಬ್ಬ ವಿದ್ಯಾರ್ಥಿ ಡ್ರೈವರ್ ಕೆಡಿಸಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಕರ್ನಲ್ ಬರೆಯುವುದನ್ನೇ ಕಲಿಸುವ ಲ್ಯಾಬ್ ಆದರೆ ಇದು ಆಗದು.

ಇನ್ನು ನೆಟ್‌ವರ್ಕ್ ಕಾರ್ಡ್. ಅದು ಯಾಕೆ ಬೀಳದೆ ನಿಧಾನ ಆಯಿತು? ಕನೆಕ್ಟ್‌ಎಕ್ಸ್‌ನಲ್ಲಿ ಬ್ಲೂಫ್ಲೇಮ್ ಅನ್ನುವ ಉಪಾಯ ಇದೆ. ಸಣ್ಣ ಸಂದೇಶ ಕಳಿಸುವಾಗ ಕೆಲಸದ ವಿವರವನ್ನು ರ‍್ಯಾಮ್‌ನಲ್ಲಿಟ್ಟು, ಬೆಲ್ ಬಾರಿಸಿ, ಕಾರ್ಡ್ ಬಂದು ಓದಲಿ ಅಂತ ಕಾಯುವ ಬದಲು, ಆ ವಿವರವನ್ನೇ ನೇರವಾಗಿ ಕಾರ್ಡ್‌ಗೆ 64 ಬೈಟ್‌ನ ಗುಂಪಿನಲ್ಲಿ ಬರೆದುಬಿಡುವುದು. ಒಂದು ಪಿಸಿಐಇ ಓಡಾಟ ಉಳಿಯುತ್ತದೆ. ಇದಕ್ಕೆ ಬರಹಗಳು ಸೇರಿಯೇ ಹೋಗಬೇಕು. ಕನೆಕ್ಟ್‌ಎಕ್ಸ್‌ನ ಎಂಎಲ್‌ಎಕ್ಸ್5 ಡ್ರೈವರ್ ಜಾಣ. ರೈಟ್ ಕಂಬೈನಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಅಂತ ತಾನೇ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಸದ್ದಿಲ್ಲದೆ ಹಳೆಯ ದಾರಿಗೆ ಹೋಗುತ್ತದೆ. ಹಾಗಾಗಿ ನಿಮಗೆ ಕಂಡದ್ದು ಲೇಟೆನ್ಸಿ ಮಾತ್ರ. ದೊಡ್ಡ ಫೈಲ್ ಕಳಿಸುವಾಗ ವ್ಯತ್ಯಾಸ ಗೊತ್ತಾಗದಿದ್ದರೆ ಆಶ್ಚರ್ಯ ಇಲ್ಲ.

ಹೋಸ್ಟ್ ಏರಿಸಿದ ಮೇಲೂ ಇದು ಪೂರ್ತಿ ಸರಿಹೋಗದಿದ್ದರೆ ಗೆಸ್ಟ್ ಕರ್ನಲನ್ನೂ ಏರಿಸಿ. ನಾರ್ಮಲ್ ನಾನ್-ಕ್ಯಾಶೆಬಲ್ ಬಗೆ ಬರಹ ಸೇರಿಸಲು ಅನುಮತಿ ಕೊಡುತ್ತದೆ ಅಷ್ಟೇ, ಸೇರಿಸಲೇಬೇಕು ಅಂತ ಹೇಳುವುದಿಲ್ಲ. ಸ್ಟೋರ್‌ಗಳು ನಡುವೆ ಬೇರೆ ಸೂಚನೆ ಇಲ್ಲದೆ ಒಂದರ ಹಿಂದೆ ಒಂದು ಬಂದರೆ ಸೇರುವ ಸಂಭವ ಜಾಸ್ತಿ. ಆರ್ಮ್‌ಗಾಗಿ ಕರ್ನಲ್‌ನ 64 ಬಿಟ್ ಐಓ ಕಾಪಿ ಫಂಕ್ಷನನ್ನು ಹೀಗೆ ಬರೆಯುವಂತೆ ತಿದ್ದಿದ್ದು 6.10ರಲ್ಲಿ.

ಗೆಸ್ಟ್ ಒಳಗೆ ಡಿಪಿಡಿಕೆ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಪ್ರೋಗ್ರಾಂನಿಂದಲೇ ನೇರವಾಗಿ ನಡೆಸುವ ಲೈಬ್ರರಿ) ಓಡಿಸುವ ಯೋಚನೆ ಇದ್ದರೆ ಒಂದು ಮಾತು. ಅಲ್ಲಿ ಗೆಸ್ಟ್‌ನೊಳಗೆ ಮತ್ತೊಂದು ವಿಎಫ್‌ಐಓ ಬಂದು ಕೂರಬಹುದು. ಯೂಸರ್ ಪ್ರೋಗ್ರಾಂಗೆ ಬಾರ್ ಕೊಡುವಾಗ ವಿಎಫ್‌ಐಓ ತಾನೇ ರೈಟ್ ಕಂಬೈನಿಂಗ್ ಇಲ್ಲದ ಬಗೆಯಲ್ಲಿ ಕೊಡುತ್ತದೆ. ಆಗ ಬಿಗಿ ಮೊದಲ ಹಂತದಲ್ಲೇ ಇರುತ್ತದೆ, ಹೋಸ್ಟ್ ಎಷ್ಟು ಸಡಿಲ ಬಿಟ್ಟರೂ ಉಪಯೋಗ ಇಲ್ಲ. ಅಮೆಜಾನ್ ಕ್ಲೌಡ್‌ನ ಇಎನ್‌ಎ ನೆಟ್‌ವರ್ಕ್ ಕಾರ್ಡ್‌ಗೆ ಇದೇ ತೊಂದರೆ ಇದೆ. ಅದರ ಎಲ್‌ಎಲ್‌ಕ್ಯೂ ಅನ್ನುವ ಕಡಿಮೆ ತಡದ ವಿಧಾನಕ್ಕೆ ರೈಟ್ ಕಂಬೈನಿಂಗ್ ಬೇಕು, ಹಾಗಾಗಿ ವಿಎಫ್‌ಐಓಗೆ ಅದನ್ನು ಸೇರಿಸುವ ಸ್ಕ್ರಿಪ್ಟನ್ನು ಅವರೇ ಡ್ರೈವರ್ ಜೊತೆ ಕೊಡುತ್ತಾರೆ. ಎಂಎಲ್‌ಎಕ್ಸ್5ರ ಡಿಪಿಡಿಕೆ ಮಾತ್ರ ಕರ್ನಲ್ ಡ್ರೈವರ್ ಜೊತೆಯಲ್ಲೇ ಕೆಲಸ ಮಾಡುವುದರಿಂದ ನಿಮಗೆ ಈ ಗೊಡವೆ ಬರುವುದಿಲ್ಲ.

ಕೊನೆಯದಾಗಿ ಕ್ಯಾಶ್ ಬಗ್ಗೆ ಕೇಳಿದಿರಿ. ನೀವು ಓದಿದ್ದು ಸುಳ್ಳಲ್ಲ, ಆದರೆ ನಿಮ್ಮ ಕಾರ್ಡ್‌ಗೆ ಅದು ಅನ್ವಯಿಸುವುದಿಲ್ಲ. ಬಹುಶಃ ನೀವು ಓದಿದ್ದು ಎನ್‌ವಿಡಿಯಾದ ಗ್ರೇಸ್ ಹಾಪರ್ ಬಗ್ಗೆ. ಅದರಲ್ಲಿ ಪ್ರೊಸೆಸರೂ ಜಿಪಿಯುವೂ ಎನ್‌ವಿಲಿಂಕ್-ಸಿ2ಸಿ ಅನ್ನುವ ಕೊಂಡಿಯಲ್ಲಿ ಸೇರಿವೆ. ಆ ಕೊಂಡಿ ಎರಡೂ ಕಡೆಯ ಕ್ಯಾಶ್‌ಗಳನ್ನು ಒಂದಕ್ಕೊಂದು ಹೊಂದಿಸಿ ಇಡುತ್ತದೆ. ಜಿಪಿಯು ಮೆಮೊರಿಯನ್ನು ಪ್ರೊಸೆಸರ್ ರ‍್ಯಾಮ್ ತರಹವೇ ಬಳಸಬಹುದು. ವಿಎಂ ಒಳಗೂ ಹಾಗೆ ಬಳಸಲು ಬೇಕಾದ ಕೆವಿಎಂ ಬದಲಾವಣೆ 2025ರಲ್ಲಿ ಲಿನಕ್ಸ್‌ಗೆ ಬಂತು. ಅದಕ್ಕೆ ಎಸ್2ಎಫ್‌ಡಬ್ಲ್ಯುಬಿ ಇರಲೇಬೇಕು. ಅದು ಇಲ್ಲದಿದ್ದರೆ ಕೆವಿಎಂ ಆ ಮೆಮೊರಿಯ ಕ್ಯಾಶನ್ನು ತಾನೇ ತೊಳೆಯಬೇಕಾಗುತ್ತದೆ. ಆದರೆ ಅಂಥ ಮೆಮೊರಿಗೆ ಹೋಸ್ಟ್ ಕರ್ನಲ್‌ನಲ್ಲಿ ಮಾಮೂಲಿ ಮ್ಯಾಪಿಂಗೇ ಇರುವುದಿಲ್ಲ, ಎಲ್ಲಿಂದ ತೊಳೆಯುವುದು?

ಮಾಮೂಲಿ ಪಿಸಿಐಇ ಕಾರ್ಡ್‌ಗೆ ಅಂಥ ಹೊಂದಾಣಿಕೆ ಇಲ್ಲ. ಅದರ ಬಾರ್ ಅನ್ನು ಕ್ಯಾಶ್ ಮಾಡಿದರೆ, ಕಾರ್ಡ್ ತನ್ನ ಮೆಮೊರಿಯಲ್ಲಿ ಬರೆದ ಹೊಸ ಡೇಟಾ ಪ್ರೊಸೆಸರ್‌ಗೆ ಕಾಣುವುದಿಲ್ಲ, ಹಳೆಯ ಪ್ರತಿಯನ್ನೇ ಓದುತ್ತಿರುತ್ತದೆ. ನೀವು ಬರೆದದ್ದೂ ಕಾರ್ಡ್‌ಗೆ ಯಾವಾಗ ತಲುಪುತ್ತದೋ ಹೇಳಲು ಬರುವುದಿಲ್ಲ. ಹೊಸ ಕೆವಿಎಂ ಕೂಡ ನಿಮ್ಮ ಕಾರ್ಡ್‌ಗೆ ಇದನ್ನು ಬಿಡುವುದಿಲ್ಲ. ಪ್ಯಾಚ್ ಹಾಕಿ ಬಲವಂತವಾಗಿ ಮಾಡಿಸಲು ಹೋಗಬೇಡಿ. ಪ್ರೊಸೆಸರ್‌ನ ಹೆಸರು ಮತ್ತು ಓರೆ ಓದಿನ ಪರೀಕ್ಷೆಯ ಫಲಿತಾಂಶ ಬರೆದು ಕಳಿಸಿ. ಆಲ್ಟ್ರಾ ಆಗಿದ್ದರೆ ಕರ್ನಲ್ ಏರಿಸುವ ಮೊದಲೇ ಬರೆಯಿರಿ.